ಹಳೆಯ ಚರ್ಚು ಕಲಾಕೇಂದ್ರವಾದ ಮೇಲೆ: ಸೋರುವ ಸೂರಿಗೆ ದುಡ್ಡು ಹೊಂದಿಸುವ ಬಗೆ

ಲಂಡನ್ನಿನ ಓಲ್ಡ್ ಸ್ಟ್ರೀಟಿನಲ್ಲಿ ಸೇಂಟ್ ಲ್ಯೂಕ್ಸ್ ಎಂಬ ಚರ್ಚಿದೆ. ಕಟ್ಟಿ ಮುಗಿಸಿದ್ದು 1733ರಲ್ಲಿ. ಬುನಾದಿ ಕುಸಿದು ಕಟ್ಟಡ ಅಪಾಯಕಾರಿಯಾಯಿತೆಂದು 1959ರಲ್ಲಿ ಅದನ್ನು ಮುಚ್ಚಿದರು, ಆಮೇಲೆ ಸೂರನ್ನೇ ಕಳಚಿದರು. ಮುಂದಿನ ನಾಲ್ಕು ದಶಕ ಅದು ಬಯಲಿಗೆ ಬಾಯ್ದೆರೆದ ನಾಲ್ಕು ಗೋಡೆಯಾಗಿ ನಿಂತಿತ್ತು. 2003ರಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾದ ಸಂಗೀತ ಶಿಕ್ಷಣ ಕೇಂದ್ರವಾಗಿ ಮತ್ತೆ ತೆರೆಯಿತು. ಹೊಸ ಸೂರಿನ ಭಾರ ಹೊರಲು ಒಳಗೆ ಉಕ್ಕಿನ ಕಂಬಗಳು ಬಂದವು, ನೆಲಮಾಳಿಗೆ ಮತ್ತು ಅಂಗಳದಿಂದ ಸಾವಿರಕ್ಕೂ ಹೆಚ್ಚು ಸಮಾಧಿಗಳನ್ನು ಗೌರವದಿಂದ ಸ್ಥಳಾಂತರಿಸಬೇಕಾಯಿತು. ಬ್ರಿಸ್ಟಲಿನ ಪೋರ್ಟ್‌ಲ್ಯಾಂಡ್ ಚೌಕದ ಸೇಂಟ್ ಪಾಲ್ಸ್ 1988ರಲ್ಲಿ ಮುಚ್ಚಿ, 2005ರಿಂದ ಸರ್ಕಸ್ ಕಲೆ ಕಲಿಸುವ ಸರ್ಕೋಮೀಡಿಯಾದ ತಾಣವಾಗಿದೆ. ನಾರ್ವಿಚ್ ನಗರದಲ್ಲಿ ಬಳಕೆ ತಪ್ಪಿದ ಮಧ್ಯಯುಗದ ಚರ್ಚುಗಳನ್ನು ನೋಡಿಕೊಳ್ಳಲೆಂದೇ 1973ರಲ್ಲಿ ಒಂದು ಟ್ರಸ್ಟ್ ಹುಟ್ಟಿತು. ಅಲ್ಲಿ ಒಂದು ಹಳೆಯ ಚರ್ಚಿನಲ್ಲಿ ಗೊಂಬೆಯಾಟದ ರಂಗಮಂದಿರವಿದೆ, ಇನ್ನೊಂದರಲ್ಲಿ ನಗರದ ಕಲಾಕೇಂದ್ರವಿದೆ.

ಇವೆಲ್ಲ ದೊಡ್ಡ ಬೆಂಬಲ ಸಿಕ್ಕ ಹೆಸರುಗಳು. ಈ ಬರಹ ಅಷ್ಟು ಬಲವಿಲ್ಲದ ಸಂಸ್ಥೆಗಳಿಗಾಗಿ: ಊರಿನ ಹತ್ತಿಪ್ಪತ್ತು ಜನ ಸೇರಿ ನಡೆಸುವ, ವಾರಕ್ಕೆ ನಾಲ್ಕು ತರಗತಿ, ತಿಂಗಳಿಗೆರಡು ಕಾರ್ಯಕ್ರಮವಿರುವ, ಮಳೆ ಬಂದಾಗ ಬಕೆಟ್ ಹುಡುಕುವ ಕಲಾಕೇಂದ್ರಗಳಿಗೆ. ಇಂಥ ಯೋಜನೆ ಸೋಲುವುದು ಹೆಚ್ಚಾಗಿ ದುಡ್ಡೇ ಸಿಗದೆ ಅಲ್ಲ. ಸಿಕ್ಕ ದುಡ್ಡು ತಪ್ಪು ಹೊತ್ತಿಗೆ, ತಪ್ಪು ಕೆಲಸಕ್ಕೆ, ತಪ್ಪು ಷರತ್ತಿನೊಡನೆ ಬರುತ್ತದೆ. ಯಾವ ಕೆಲಸ ಮೊದಲು, ಯಾವ ದುಡ್ಡು ಮೊದಲು ಎಂಬುದನ್ನು ಕೂಡಿಸುವುದೇ ಇಲ್ಲಿನ ಕಸುಬು.

ಮೊದಲು ಒಂದು ಕಹಿ ಸಂಗತಿ. ಆರಾಧನೆ ನಿಂತ ದಿನದಿಂದಲೇ ಚರ್ಚುಗಳಿಗೆಂದು ಇರುವ ಬಹುಪಾಲು ನೆರವಿನ ಬಾಗಿಲು ಮುಚ್ಚುತ್ತದೆ. ನ್ಯಾಷನಲ್ ಚರ್ಚಸ್ ಟ್ರಸ್ಟಿನ ದುರಸ್ತಿ ಅನುದಾನ ಪೂಜೆ ನಡೆಯುವ ಕಟ್ಟಡಗಳಿಗೆ. ದುರಸ್ತಿಯ ಮೇಲಿನ ವ್ಯಾಟ್ (ಮೌಲ್ಯವರ್ಧಿತ ತೆರಿಗೆ) ಮರಳಿಸಲೆಂದು 2001ರಲ್ಲಿ ಶುರುವಾದ ಯೋಜನೆಯೂ ಪೂಜಾಸ್ಥಳಗಳಿಗೆಂದೇ ಇದ್ದದ್ದು. ಪಾರಂಪರಿಕ ಕಟ್ಟಡಗಳಲ್ಲಿ ಒಪ್ಪಿಗೆ ಪಡೆದು ಮಾಡುವ ಮಾರ್ಪಾಡುಗಳಿಗೆ ಹಿಂದೆ ಇದ್ದ ಶೂನ್ಯ ವ್ಯಾಟ್ ಸೌಲಭ್ಯವೂ 2012ರ ಅಕ್ಟೋಬರ್ 1ರಿಂದ ರದ್ದಾಗಿದೆ. ಆದ್ದರಿಂದ ಕಲಾಕೇಂದ್ರವಾದ ಚರ್ಚಿಗೆ ಕಲ್ಲು, ಸೀಸ, ಮರ, ಕೂಲಿ ಎಲ್ಲದರ ಮೇಲೂ 20% ಬೀಳುತ್ತದೆ.

ಈ ವ್ಯಾಟ್ ವಿಷಯದಲ್ಲಿ ಒಂದು ಒಳಸುಳಿ ಇದೆ, ಅರ್ಜಿ ಬರೆಯುವ ಮೊದಲೇ ತಿಳಿದವರನ್ನು ಕೇಳಿ. ಲಾಭರಹಿತವಾಗಿ, ಸ್ವಯಂಸೇವಕ ಆಡಳಿತ ಮಂಡಳಿ ನಡೆಸುವ ಕಲಾಸಂಸ್ಥೆಯ ಪ್ರವೇಶ ಟಿಕೆಟ್ಟಿಗೆ ಸಾಮಾನ್ಯವಾಗಿ ವ್ಯಾಟ್ ವಿನಾಯಿತಿ ಇರುತ್ತದೆ. ಹಾಲನ್ನು ಬಾಡಿಗೆಗೆ ಕೊಟ್ಟರೂ ಹಾಗೆಯೇ. ಕೇಳಲು ಹಿತವೇ, ಆದರೆ ವಿನಾಯಿತಿಯ ಆದಾಯಕ್ಕಾಗಿ ಮಾಡಿದ ಖರ್ಚಿನ ವ್ಯಾಟನ್ನು ಮರಳಿ ಪಡೆಯಲಾಗದು. ಕಟ್ಟಡದ ಮೇಲೆ ತೆರಿಗೆ ವಿಧಿಸುವ ಆಯ್ಕೆಯನ್ನು ನೀವಾಗಿ ತೆಗೆದುಕೊಂಡರೆ ದುರಸ್ತಿಯ ವ್ಯಾಟಿನಲ್ಲಿ ಒಂದು ಪಾಲು ವಾಪಸಾಗಬಹುದು. ಆದರೆ ಆಗ ಬಾಡಿಗೆಗೆ ಬರುವ ನೃತ್ಯಶಾಲೆಗೂ ವೃದ್ಧರ ಚಿತ್ರಕಲಾ ಗುಂಪಿಗೂ 20% ಸೇರಿಸಿ ಬಿಲ್ಲು ಕೊಡಬೇಕು, ಅವರಲ್ಲಿ ಹೆಚ್ಚಿನವರಿಗೆ ಅದನ್ನು ಮರಳಿ ಪಡೆಯುವ ದಾರಿಯಿಲ್ಲ. ಸಾವಿರಾರು ಪೌಂಡಿನ ಈ ತೀರ್ಮಾನವನ್ನು ಲೆಕ್ಕಿಗರ ಜೊತೆ ಕೂತು ಬಜೆಟ್ಟಿಗೆ ಮುಂಚೆ ಮಾಡಿ. ಬಜೆಟ್ ಸಲ್ಲಿಸಿದ ಮೇಲೆ ಗೊತ್ತಾದರೆ ಐದನೇ ಒಂದು ಪಾಲಿನ ಕೊರತೆ ಕಣ್ಣೆದುರು ನಿಲ್ಲುತ್ತದೆ.

ಇನ್ನು ಕಟ್ಟಡಕ್ಕೆ ಬರೋಣ. ಗೋಡೆ ಬಿರುಕು ಬಿಟ್ಟಿದೆ ಎಂದ ಕೂಡಲೇ ಬುನಾದಿಗೆ ಕಾಂಕ್ರೀಟ್ ತುಂಬಿಸುವ ಮಾತು ಬರುತ್ತದೆ. ದಯವಿಟ್ಟು ಅವಸರ ಬೇಡ. ಹಳೆಯ ಚರ್ಚುಗಳಲ್ಲಿ ರಚನೆಯ ತೊಂದರೆ ಬಹುತೇಕ ಮೇಲಿನಿಂದ ಕೆಳಗೆ ಇಳಿಯುತ್ತದೆ. ಸೂರಿನ ಅಂಚಿನಲ್ಲಿ, ಎತ್ತರಿಸಿದ ಗೋಡೆಯ ಹಿಂದೆ ಅಡಗಿರುವ, ಮಳೆನೀರು ಹರಿದುಹೋಗುವ ಸೀಸದ ದೋಣಿ ಎಲೆಯಿಂದ ಕಟ್ಟಿಕೊಳ್ಳುತ್ತದೆ, ಇಲ್ಲವೇ ಸೀಸ ಸೀಳುತ್ತದೆ. ಅದರಡಿಯಲ್ಲೇ ಸೂರಿನ ದೊಡ್ಡ ತೊಲೆಗಳ ತುದಿ ಗೋಡೆಯೊಳಗೆ ಕೂತಿರುತ್ತದೆ. ನೀರು ಅಲ್ಲಿಗೆ ಇಳಿದು ತುದಿ ಕೊಳೆಯುತ್ತದೆ. ತುದಿ ಕೊಳೆತ ತೊಲೆ ಸೂರಿನ ಎರಡು ಇಳಿಜಾರು ಕಾಲುಗಳನ್ನು ಬಿಗಿಹಿಡಿಯಲಾರದೆ ಹೋದಾಗ ಸೂರು ಅಗಲಕ್ಕೆ ಚಾಚಿಕೊಂಡು ಗೋಡೆಯ ತಲೆಯನ್ನು ಹೊರಕ್ಕೆ ತಳ್ಳುತ್ತದೆ. ಒಳಗಿನಿಂದ ನೋಡುವವರಿಗೆ ಕಾಣುವುದು ಗಾರೆಯ ಬಿರುಕು ಮಾತ್ರ.

ಅದಕ್ಕೇ ತಪಾಸಣೆಯನ್ನು ನೆಲದ ಮೇಲೆ ನಿಂತು ಬರೆಸಬೇಡಿ. ಬೂಮ್ ಲಿಫ್ಟ್ ತರಿಸಿ ದೋಣಿಯ ಹತ್ತಿರ ಹೋಗಬೇಕು, ತೊಲೆಯ ತುದಿಗೆ ಸಣ್ಣ ಸೂಜಿಕೊರೆತದ ಪರೀಕ್ಷೆ ಮಾಡಬೇಕು. ಮರ ಒಳಗೆ ಎಲ್ಲಿಯವರೆಗೆ ಗಟ್ಟಿಯಿದೆ ಎಂದು ಆ ಕೊರೆತದ ಪ್ರತಿರೋಧ ಹೇಳುತ್ತದೆ. ಇದು ಗೊತ್ತಾದರೆ ಇಡೀ ತೊಲೆ ಬದಲಿಸುವ ಬದಲು ಕೊಳೆತ ಭಾಗವನ್ನಷ್ಟೇ ಕತ್ತರಿಸಿ ಹೊಸ ಓಕ್ ಮರವನ್ನು ಓರೆಜೋಡಣೆಯಿಂದ ಬೆಸೆಯಬಹುದು, ಇಲ್ಲವೇ ಸ್ಟೇನ್‌ಲೆಸ್ ಉಕ್ಕಿನ ಪಟ್ಟಿ ಕೂರಿಸಬಹುದು. ಮಳೆನೀರಿನ ಚರಂಡಿಯೊಳಗೆ ಕ್ಯಾಮೆರಾ ಇಳಿಸಿ ನೋಡಿ. ಒಡೆದ ಕೊಳವೆ ಬುನಾದಿಯ ಕೆಳಗಿನ ಮಣ್ಣನ್ನು ತೊಳೆದುಕೊಂಡು ಹೋಗುತ್ತಿದ್ದರೆ, ಆ ಕೊಳವೆ ಸರಿಮಾಡಿದ್ದರಿಂದಲೇ ಗೋಡೆಯ ಚಲನೆ ನಿಂತ ಉದಾಹರಣೆಗಳು ಬೇಕಾದಷ್ಟಿವೆ. ಜೇಡಿಮಣ್ಣಿನ ನೆಲದಲ್ಲಿ ಬಿರುಕು ಬೇಸಿಗೆಯಲ್ಲಿ ಅಗಲವಾಗಿ ಚಳಿಗಾಲದಲ್ಲಿ ಕೂಡಿಕೊಳ್ಳುವುದುಂಟು. ಆದ್ದರಿಂದ ಬಿರುಕಿನ ಅಳತೆಪಟ್ಟಿ ಹಚ್ಚಿ ಕನಿಷ್ಠ 12 ತಿಂಗಳು ಅಳೆಯದೆ ಬುನಾದಿಗೆ ಕೈ ಹಾಕುವುದು ದುಬಾರಿ ಊಹೆ. ಈ ಅಳತೆಪಟ್ಟಿಗೆ ಕೆಲವೇ ಪೌಂಡ್ ಖರ್ಚು. ಇವತ್ತೇ ಹಚ್ಚಿ, ಅರ್ಜಿ ಬರೆಯುವ ಹೊತ್ತಿಗೆ ಒಂದು ವರ್ಷದ ಅಂಕಿ ಕೈಯಲ್ಲಿರುತ್ತದೆ.

ಗೋಪುರ ಮತ್ತು ಶಿಖರದ ಕಲ್ಲುಗಳನ್ನು ಹಿಂದಿನವರು ಕಬ್ಬಿಣದ ಕೊಂಡಿ ಹಾಕಿ ಬಿಗಿದಿದ್ದಾರೆ. ತೇವ ತಗುಲಿದ ಕಬ್ಬಿಣ ತುಕ್ಕು ಹಿಡಿದು ಹಲವು ಪಟ್ಟು ಊದಿಕೊಂಡು ಕಲ್ಲನ್ನು ಒಳಗಿನಿಂದ ಸೀಳುತ್ತದೆ. ಚೂರು ಉದುರಿತೆಂದರೆ ಮೊದಲು ಕೆಳಗಿನ ದಾರಿ ಮುಚ್ಚಿ, ಬಲೆ ಕಟ್ಟಿ, ವಿಮಾ ಕಂಪನಿಗೆ ತಿಳಿಸಿ. ಇನ್ನೊಂದು ಪಿಡುಗು ಇಪ್ಪತ್ತನೇ ಶತಮಾನದ ಸಿಮೆಂಟ್. ನಮ್ಮ ಕಡೆಯ ಹಳೆಯ ಗಚ್ಚುಗಾರೆ ಮನೆಗಳಿಗೆ ಸಿಮೆಂಟ್ ಮೆತ್ತಿದಾಗ ಗೋಡೆ ಉಸಿರುಗಟ್ಟಿ ಗಾರೆ ಉದುರುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಮೃದುವಾದ ಮರಳುಗಲ್ಲಿನ ಸಂದಿಗೆ ಗಟ್ಟಿ ಸಿಮೆಂಟ್ ತುಂಬಿದರೆ ತೇವ ಸಂದಿಯಿಂದ ಹೊರಬರಲಾಗದೆ ಕಲ್ಲಿನಿಂದಲೇ ಹೊರಬರುತ್ತದೆ. ಹಿಮಗಾಲದಲ್ಲಿ ಕಲ್ಲಿನ ಮುಖ ಪದರಪದರವಾಗಿ ಬಿಡುತ್ತದೆ, ಸಂದಿಯ ಸಿಮೆಂಟ್ ಗಟ್ಟಿಯಾಗಿ ನಿಂತೇ ಇರುತ್ತದೆ. ಸುಣ್ಣದ ಗಾರೆಗೆ ಮರಳಬೇಕು. ಆದರೆ ಸುಮಾರು 5 ಡಿಗ್ರಿಗಿಂತ ಕೆಳಗೆ, ಮಂಜು ಬೀಳುವಾಗ ಸುಣ್ಣದ ಕೆಲಸ ಮಾಡುವಂತಿಲ್ಲ, ಹಾಗಾಗಿ ಇಂಗ್ಲೆಂಡಿನಲ್ಲಿ ಅದರ ಹಂಗಾಮು ಸರಿಸುಮಾರು ಏಪ್ರಿಲ್‌ನಿಂದ ಅಕ್ಟೋಬರ್. ಅನುದಾನ ಸೆಪ್ಟೆಂಬರಿನಲ್ಲಿ ಮಂಜೂರಾದರೆ ಗೋಡೆ ಕೆಲಸ ಮುಂದಿನ ವಸಂತಕ್ಕೇ. ಅಷ್ಟರಲ್ಲಿ ಸಾರುವೆಯ ಬಾಡಿಗೆ ಏರುತ್ತಿರಬಾರದು.

ಬಾವಲಿಗಳನ್ನೂ ಮರೆಯಬೇಡಿ. ಸೂರಿನಲ್ಲಿ ಬಾವಲಿ ಇದ್ದರೆ ಪರವಾನಗಿಯಿಲ್ಲದೆ ಅವುಗಳ ತಾಣ ಮುಟ್ಟುವುದು ಅಪರಾಧ. ಅವು ಸಂಜೆ ಹೊರಬರುವುದನ್ನು ಎಣಿಸುವ ಸಮೀಕ್ಷೆ ಮೇಯಿಂದ ಸೆಪ್ಟೆಂಬರಿನೊಳಗೆ ಆಗಬೇಕು. ಆ ಅವಧಿ ತಪ್ಪಿದರೆ ಒಂದು ವರ್ಷ ಹೋಯಿತು.

ಈ ತಪಾಸಣೆಗೆಲ್ಲ ದುಡ್ಡು ಎಲ್ಲಿಂದ ಎನ್ನುತ್ತೀರಿ. ಮುಖ್ಯ ಅನುದಾನದ ಮುಂಚಿನ ಈ ಹಂತವೇ ಅತಿ ಬಡವಾದದ್ದು. ಇಲ್ಲಿ ನೆರವಿಗೆ ಬರುವುದು 1976ರಿಂದ ಇರುವ ಆರ್ಕಿಟೆಕ್ಚರಲ್ ಹೆರಿಟೇಜ್ ಫಂಡ್: ಯೋಜನೆ ಕಾಲೂರುತ್ತದೆಯೇ ಎಂದು ಪರೀಕ್ಷಿಸಲು ಸಣ್ಣ ಅನುದಾನ, ಆಮೇಲೆ ಕೆಲಸಕ್ಕೆ ಸಾಲ. ಕಟ್ಟಡವು ಪಾರಂಪರಿಕ ತಾಣಗಳ ಸರ್ಕಾರಿ ಸಂಸ್ಥೆಯಾದ ಹಿಸ್ಟಾರಿಕ್ ಇಂಗ್ಲೆಂಡಿನ ಅಪಾಯದಲ್ಲಿರುವ ಪರಂಪರೆಯ ಪಟ್ಟಿಯಲ್ಲಿದ್ದರೆ ಅವರ ದುರಸ್ತಿ ಅನುದಾನಕ್ಕೂ ದಾರಿಯಿದೆ. ಪಟ್ಟಿಗೆ ಸೇರುವುದು ಅವಮಾನವೆಂದು ಕೆಲವು ಮಂಡಳಿಗಳು ಹಿಂಜರಿಯುತ್ತವೆ, ಅದು ತಪ್ಪು. ಅನುದಾನ ಕೊಡುವವರ ಕಣ್ಣಿಗೆ ಅದೇ ತುರ್ತಿನ ಪುರಾವೆ. ತಪಾಸಣೆ ಮಾಡುವ ವಾಸ್ತುಶಿಲ್ಪಿಗೆ ಸಂರಕ್ಷಣೆಯ ಮಾನ್ಯತೆ ಇರಲಿ, ಎಂಜಿನಿಯರ್ ಸಂರಕ್ಷಣಾ ಎಂಜಿನಿಯರುಗಳ ನೋಂದಣಿಯಲ್ಲಿರಲಿ. ಹೊಸ ಕಟ್ಟಡಗಳಷ್ಟೇ ಗೊತ್ತಿರುವ ಎಂಜಿನಿಯರ್ ಇನ್ನೂರು ವರ್ಷ ನಿಂತ ಗೋಡೆಯನ್ನು ಇಂದಿನ ಸೂತ್ರದಲ್ಲಿ ಲೆಕ್ಕ ಹಾಕಿ, ಬೇಡದ ಉಕ್ಕು ಸೇರಿಸಿ ಖರ್ಚನ್ನು ಏರಿಸುವುದುಂಟು.

ವರದಿ ಕೈಗೆ ಬಂದಾಗ ಕೆಲಸಗಳನ್ನು ತುರ್ತಿನ ಮೇಲೆ ವಿಂಗಡಿಸಿ: ಈ ವರ್ಷ, ಎರಡು ವರ್ಷದೊಳಗೆ, ಐದು ವರ್ಷದೊಳಗೆ. ದೋಣಿ, ಕೊಳವೆ, ಚರಂಡಿ ಯಾವಾಗಲೂ ಮೊದಲ ಗುಂಪಿಗೆ. ದೋಣಿಗೆ ಸೀಸ ಹಾಸುವಾಗ ಒಂದು ಮಾತು ನೆನಪಿಡಿ. ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವ ಲೋಹವದು, 3.55 ಮಿ.ಮೀ. ದಪ್ಪದ ಕೋಡ್ 8 ಹಾಳೆಯಾದರೂ ಒಂದು ತುಂಡು 3 ಮೀಟರಿಗಿಂತ ಉದ್ದ ಬೇಡ. ಮೆಟ್ಟಿಲು ಕೊಟ್ಟು ತುಂಡುಗಳನ್ನು ಬಿಡಿಸಲು ಸೋಮಾರಿತನ ಪಟ್ಟಲ್ಲೆಲ್ಲ ಕೆಲವೇ ವರ್ಷಗಳಲ್ಲಿ ಸೀಳು ಬಂದಿದೆ. ಸೀಸದ ಕಳ್ಳತನ ಹೆಚ್ಚಿರುವ ಕಡೆ ಲೇಪಿತ ಸ್ಟೇನ್‌ಲೆಸ್ ಉಕ್ಕನ್ನು ಹಾಸುತ್ತಾರೆ. ಆದರೆ ಸೀಸ ತೆಗೆದು ಸೀಸವನ್ನೇ ಹಾಕುವ ದುರಸ್ತಿಗೂ, ಬೇರೆ ಲೋಹ ಹಾಕುವುದಕ್ಕೂ ಕಾನೂನಿನಲ್ಲಿ ವ್ಯತ್ಯಾಸವಿದೆ. ಎರಡನೆಯದಕ್ಕೆ ಪಾರಂಪರಿಕ ಕಟ್ಟಡದ ಒಪ್ಪಿಗೆ ಬೇಕು. ಚರ್ಚಾಗಿದ್ದಾಗ ಧರ್ಮಪ್ರಾಂತ್ಯದ ಅನುಮತಿ ಸಾಕಾಗುತ್ತಿತ್ತು, ಈಗ ಸ್ಥಳೀಯ ಯೋಜನಾ ಪ್ರಾಧಿಕಾರದ ಬಾಗಿಲು ತಟ್ಟಬೇಕು. ಆಂಗ್ಲಿಕನ್ ಚರ್ಚ್ ಆಗಿದ್ದರೆ ಮಾರಾಟ ಪತ್ರದಲ್ಲಿ ಬಳಕೆಯ ಮೇಲೆ, ಮಾರ್ಪಾಡಿನ ಮೇಲೆ ಚರ್ಚ್ ಕಮಿಷನರ್‌ಗಳು ಹಾಕಿದ ಷರತ್ತುಗಳಿರಬಹುದು. ಅದನ್ನೂ ತೆಗೆದು ಓದಿ.

ಲೆಕ್ಕ ಹೇಗಿರುತ್ತದೆ ಎಂದು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಸಾರುವೆಯೂ ಸೇರಿ ಸೂರು ಮತ್ತು ಗೋಡೆ ದುರಸ್ತಿಗೆ ಗುತ್ತಿಗೆದಾರರ ಅಂದಾಜು 4,00,000 ಪೌಂಡ್ ಎನ್ನಿ. ಅನಿರೀಕ್ಷಿತಕ್ಕೆ 15%, ಅಂದರೆ 60,000. ಹಳೆಯ ಸೂರನ್ನು ಬಿಚ್ಚುವ ಕೆಲಸದಲ್ಲಿ ಇದಕ್ಕಿಂತ ಕಡಿಮೆ ಇಟ್ಟರೆ ಮೊದಲ ತಿಂಗಳಲ್ಲೇ ಕರಗುತ್ತದೆ. ವಾಸ್ತುಶಿಲ್ಪಿ, ಎಂಜಿನಿಯರ್, ವೆಚ್ಚ ಲೆಕ್ಕಿಗರ ಶುಲ್ಕ 14%, ಅಂದರೆ 56,000. ಬಾವಲಿ, ಕಲ್ನಾರು, ಚರಂಡಿ, ಮರ ಪರೀಕ್ಷೆಗೆ 15,000. ಇಷ್ಟಕ್ಕೆ 5,31,000. ಅದರ ಮೇಲೆ 20% ವ್ಯಾಟ್ 1,06,200. ಒಟ್ಟು 6,37,200 ಪೌಂಡ್. ಊರಿನ ಸಭೆಯಲ್ಲಿ ‘ನಾಲ್ಕು ಲಕ್ಷ ಸಾಕು’ ಎಂದು ಘೋಷಿಸಿದ ಸಂಸ್ಥೆ ಆರೂಕಾಲು ಲಕ್ಷ ದಾಟಿ ನಿಂತಿರುತ್ತದೆ. ಕೆಲಸ ಎರಡು ವರ್ಷ ತಡವಾಗುವುದಾದರೆ ಬೆಲೆಯೇರಿಕೆಗೆ ಬೇರೆ ಸಾಲು ಬೇಕು.

ಇದರಲ್ಲಿ ದೊಡ್ಡ ತುಂಡು ಬರುವುದು ನ್ಯಾಷನಲ್ ಲಾಟರಿ ಹೆರಿಟೇಜ್ ಫಂಡಿನಿಂದ. 10,000ದಿಂದ 2,50,000 ಪೌಂಡಿನವರೆಗೆ ಒಂದು ಬಗೆಯ ಅರ್ಜಿ. ಅದಕ್ಕೂ ಮೇಲೆ 1 ಕೋಟಿ ಪೌಂಡಿನವರೆಗೆ ಇನ್ನೊಂದು ಬಗೆ: ಮೊದಲು ಆಸಕ್ತಿಯ ಪ್ರಸ್ತಾವ, ಆಮೇಲೆ ಸಿದ್ಧತೆಯ ಹಂತ, ಆಮೇಲೆ ಕಾಮಗಾರಿಯ ಹಂತ. ಈ ದೊಡ್ಡ ಬಗೆಯಲ್ಲಿ ಅನುದಾನ 10 ಲಕ್ಷ ಪೌಂಡಿನೊಳಗಿದ್ದರೆ ನಿಮ್ಮ ಪಾಲು ಕನಿಷ್ಠ 5%, ಮೇಲಿದ್ದರೆ 10%. ನಿಯಮ 5% ಎಂದರೂ, ಪೈಪೋಟಿಯಲ್ಲಿ ಬೇರೆಡೆಯಿಂದ ಹೆಚ್ಚು ತಂದವರ ಅರ್ಜಿ ಗಟ್ಟಿಯಾಗಿ ಕಾಣುತ್ತದೆ. ಬರೀ ಸೂರಿಗೆ ಅವರು ದುಡ್ಡು ಕೊಡುವುದಿಲ್ಲ ಎಂಬುದನ್ನು ಹಲವರು ತಡವಾಗಿ ಅರಿಯುತ್ತಾರೆ. ಪರಂಪರೆಯ ಉಳಿವು, ಪರಿಸರ, ಎಲ್ಲರ ಒಳಗೊಳ್ಳುವಿಕೆ, ಸಂಸ್ಥೆಯ ಬಾಳಿಕೆ ಎಂಬ ನಾಲ್ಕಕ್ಕೂ ಅರ್ಜಿಯಲ್ಲಿ ಉತ್ತರ ಬೇಕು. ಸಾರುವೆ ಹಾಕಿದಾಗ ಶಾಲೆ ಮಕ್ಕಳನ್ನು ಕರೆದು ಕಲ್ಲುಕುಟಿಗರ ಕೆಲಸ ತೋರಿಸುವುದು, ಸುಣ್ಣದ ಗಾರೆಯ ತರಬೇತಿ ಕೊಡುವುದು, ಊರಿನ ಎಲ್ಲ ಸಮುದಾಯಗಳು ಹಾಲನ್ನು ಬಳಸುವಂತೆ ಮಾಡುವುದು ಅಲಂಕಾರಕ್ಕೆ ಬರೆಯುವ ಮಾತುಗಳಲ್ಲ. ಯುಗಾದಿಗೋ ರಾಜ್ಯೋತ್ಸವಕ್ಕೋ ಹಾಲ್ ಹುಡುಕುವ ಕನ್ನಡ ಬಳಗಗಳು ಇಂಥ ಕೇಂದ್ರಕ್ಕೆ ‘ವರ್ಷಕ್ಕೆ ಇಷ್ಟು ದಿನ ಬಾಡಿಗೆಗೆ ಪಡೆಯುತ್ತೇವೆ, ಇಷ್ಟು ಜನ ಬರುತ್ತೇವೆ’ ಎಂದು ಬರೆದುಕೊಡುವ ಒಂದು ಪುಟ, ಹತ್ತು ಪುಟದ ಹೊಗಳಿಕೆಗಿಂತ ಹೆಚ್ಚು ತೂಗುತ್ತದೆ.

ಕಟ್ಟಡ ಗುತ್ತಿಗೆಯದಾದರೆ ಅರ್ಜಿಗೆ ಮುಂಚೆ ಕರಾರು ಪತ್ರ ತಿದ್ದಿಸಿ. ದೊಡ್ಡ ಅನುದಾನಕ್ಕೆ, ಕೆಲಸ ಮುಗಿದ ಮೇಲೂ 20 ವರ್ಷ ಉಳಿಯುವ ಗುತ್ತಿಗೆ ಬೇಕು. ನಡುವೆ ಮುರಿಯುವ ಷರತ್ತು ಇರಕೂಡದು. ಮಾಲೀಕರೊಡನೆ ಈ ತಿದ್ದುಪಡಿಗೆ ವಕೀಲರ ಮೂಲಕ ಆರು ತಿಂಗಳಾದರೂ ಹಿಡಿದೀತು.

ಉದಾಹರಣೆಗೆ ಮರಳಿದರೆ, ಲಾಟರಿಯಿಂದ 4,00,000 ಬಂದಿತೆಂದಿಟ್ಟುಕೊಳ್ಳಿ. ಉಳಿದ 2,37,200ರಲ್ಲಿ ದತ್ತಿ ಟ್ರಸ್ಟುಗಳಿಂದ 80,000, ಸಮುದಾಯ ಷೇರುಗಳಿಂದ 60,000, ಊರಿನ ದಾನದಿಂದ 50,000, ಕಸದ ಗುಂಡಿಯ ತೆರಿಗೆ ನಿಧಿಯಿಂದ (ಲ್ಯಾಂಡ್‌ಫಿಲ್ ಕಮ್ಯುನಿಟೀಸ್ ಫಂಡ್) 27,200, ಸ್ವಂತ ಉಳಿತಾಯದಿಂದ 20,000. ಪ್ರತಿಯೊಂದಕ್ಕೂ ಅದರದೇ ಸ್ವಭಾವವಿದೆ. ದಾನದಲ್ಲಿ ತೆರಿಗೆ ಕಟ್ಟುವವರ ಸಹಿ ಪಡೆದರೆ ಸರ್ಕಾರದ ಗಿಫ್ಟ್ ಏಡ್ ಯೋಜನೆಯ ಮೂಲಕ 100 ಪೌಂಡಿಗೆ ಇನ್ನೂ 25 ಸೇರುತ್ತದೆ, ಅಂದರೆ 50,000ಕ್ಕೆ 40,000 ಎತ್ತಿದರೆ ಸಾಕು. ಸಹಿಯಿಲ್ಲದ ಡಬ್ಬಿ ಕಾಸಿಗೂ ತಲಾ 30 ಪೌಂಡಿನೊಳಗಿನ ದಾನಗಳಲ್ಲಿ ವರ್ಷಕ್ಕೆ 8,000ದವರೆಗೆ, ಅಂದರೆ 2,000 ಪೌಂಡ್ ಮರಳುವ ಏರ್ಪಾಡಿದೆ. 1996ರಿಂದ ಇರುವ ಕಸದ ಗುಂಡಿಯ ನಿಧಿ ಸಾಮಾನ್ಯವಾಗಿ ಗುಂಡಿಯ ಆಸುಪಾಸಿನ ಮೈಲಿಗಳೊಳಗಿನ ಯೋಜನೆಗಳಿಗೆ. ಐತಿಹಾಸಿಕ ಕಟ್ಟಡಗಳಿಗೆ ಅದರಲ್ಲಿ ಬೇರೆ ವಿಭಾಗವೇ ಇದೆ. ಸುಮಾರು 10% ಮೂರನೆಯವರು ತುಂಬಬೇಕಾಗುತ್ತದೆ, ಅವರು ಯೋಜನೆಯಿಂದ ಲಾಭ ಪಡೆಯುವವರಾಗಿರಬಾರದು. ಹಾಗಾಗಿ ಆ ಕೊಡುಗೆದಾರರನ್ನು ಮೊದಲೇ ಹುಡುಕಿಕೊಳ್ಳಿ.

ಸಮುದಾಯ ಷೇರಿನ ಬಗ್ಗೆ ನನ್ನದೊಂದು ತಕರಾರಿದೆ. 2014ರ ಕಾಯ್ದೆಯಡಿ ಸಮುದಾಯ ಹಿತದ ಸಹಕಾರ ಸಂಘವಾಗಿ ನೋಂದಾಯಿಸಿಕೊಂಡರೆ ಊರವರಿಗೆ ಷೇರು ಮಾರಬಹುದು. ಎಷ್ಟೇ ಷೇರಿದ್ದರೂ ಒಬ್ಬರಿಗೆ ಒಂದೇ ಮತ. ಸುಂದರವಾದ ಏರ್ಪಾಡು. ಆದರೆ ಜನ ಮುಂದೆ ಹಿಂದಕ್ಕೆ ಕೇಳಬಹುದಾದ ದುಡ್ಡದು, ಸೂರು ಮಾತ್ರ ಆದಾಯ ತರುವುದಿಲ್ಲ. ಷೇರಿನ ದುಡ್ಡನ್ನು ಬಾಡಿಗೆ ತರುವ ಕೆಲಸಕ್ಕೆ ಇಡಿ, ಉದಾಹರಣೆಗೆ ತಾಲೀಮು ಕೊಠಡಿಗೋ ಬಿಸಿ ವ್ಯವಸ್ಥೆಗೋ. ಮರಳಿ ಕೇಳದ ಅನುದಾನವನ್ನು ಕಲ್ಲಿಗೆ, ಸೀಸಕ್ಕೆ ಇಡಿ. ಎರಡನ್ನೂ ಒಂದೇ ಪಾತ್ರೆಯಲ್ಲಿ ಕಲಸಿದ ಸಂಸ್ಥೆ ಐದಾರು ವರ್ಷಕ್ಕೆ ಷೇರುದಾರರ ಮುಂದೆ ತಲೆತಗ್ಗಿಸಬೇಕಾಗುತ್ತದೆ.

ಎಲ್ಲ ಮಂಜೂರಾದ ಮೇಲೂ ಎರಡು ಹಳ್ಳಗಳಿವೆ. ಮೊದಲನೆಯದು, ಮುಂಚೆಯೇ ಕೆಲಸ ಶುರು ಮಾಡುವುದು. ಆಗಿಹೋದ ಖರ್ಚಿಗೆ ಅನುದಾನವಿಲ್ಲ. ಮಂಜೂರಾತಿ ಪತ್ರ ಬಂದರೂ ‘ಶುರು ಮಾಡಬಹುದು’ ಎಂಬ ಪ್ರತ್ಯೇಕ ಅನುಮತಿ ಬರುವವರೆಗೆ ಒಂದು ಹಂಚೂ ಕದಲಿಸಬೇಡಿ. ಮಳೆ ಒಳನುಗ್ಗುತ್ತಿದ್ದರೆ ತಾತ್ಕಾಲಿಕ ಹೊದಿಕೆಯನ್ನು ಅಧಿಕಾರಿಗೆ ಬರಹದಲ್ಲಿ ತಿಳಿಸಿ, ಸ್ವಂತ ದುಡ್ಡಿನಿಂದ ಮಾಡಿ. ವ್ಯಾಟ್ ಬಿಟ್ಟು 10,000 ಪೌಂಡ್ ಮೀರಿದ ಪ್ರತಿ ಗುತ್ತಿಗೆಗೆ ಕನಿಷ್ಠ ಮೂರು ದರಪಟ್ಟಿ ಬೇಕು, ಪರಿಚಯದ ಮೇಸ್ತ್ರಿ ಎಷ್ಟೇ ಒಳ್ಳೆಯವರಾದರೂ.

ಎರಡನೆಯದು ನಗದಿನ ಹರಿವು. ಗುತ್ತಿಗೆದಾರರ ಬಿಲ್ಲು ತಿಂಗಳು ತಿಂಗಳು ಬರುತ್ತದೆ, ದೊಡ್ಡ ಅನುದಾನವೋ ಖರ್ಚಾದ ಮೇಲೆ ಲೆಕ್ಕ ಕೊಟ್ಟ ಮೇಲೆ. ತಿಂಗಳ ಬಿಲ್ಲು 70,000, ವ್ಯಾಟ್ 14,000 ಎಂದರೆ 84,000. ಇಂಥ ಎರಡು ತಿಂಗಳ ಮೊತ್ತ, ಅಂದರೆ 1,68,000 ಪೌಂಡ್, ಕೈಯಲ್ಲೋ ಸಾಲದ ಮಿತಿಯಲ್ಲೋ ಇಲ್ಲದೆ ಸಾರುವೆ ಕಟ್ಟಿಸಬೇಡಿ. ಜೊತೆಗೆ ಅನುದಾನದ ಕೊನೆಯ 10% ಅಂತಿಮ ವರದಿಯವರೆಗೆ ಅವರಲ್ಲೇ ಉಳಿಯುತ್ತದೆ. 4,00,000ದಲ್ಲಿ ಅದು 40,000. ಗುತ್ತಿಗೆದಾರರ ಬಿಲ್ಲಿನಿಂದ ನೀವು ತಡೆಹಿಡಿಯುವ 5% ಇದರ ಒಂದು ಪಾಲನ್ನು ಮಾತ್ರ ತುಂಬುತ್ತದೆ, ಅದರಲ್ಲೂ ಅರ್ಧವನ್ನು ಕೆಲಸ ಮುಗಿದ ಕೂಡಲೇ ಬಿಡಬೇಕು. ಅನುದಾನ ಬರುವವರೆಗೆ ಸೇತುಸಾಲ ತೆಗೆದರೆ ಅದರ ಬಡ್ಡಿಯನ್ನು ಬಜೆಟ್ಟಿನಲ್ಲಿ ಮೊದಲೇ ತೋರಿಸಿ.

ದೊಡ್ಡ ಅನುದಾನದ ಜೊತೆ ನಿರ್ವಹಣಾ ಯೋಜನೆಯನ್ನೂ ಕೇಳುತ್ತಾರೆ. ಅದನ್ನು ವಾಸ್ತುಶಿಲ್ಪಿಯಿಂದ ನಕಲು ಮಾಡಿಸದೆ, ಏಣಿ ಹತ್ತುವವರ ಜೊತೆ ಕೂತು ಬರೆಯಿರಿ. ವರ್ಷಕ್ಕೆರಡು ಸಲ ದೋಣಿ ತೊಳೆಯುವುದು: ಎಲೆ ಉದುರಿ ಮುಗಿದ ಡಿಸೆಂಬರಿನ ಮೊದಲ ವಾರ ಒಮ್ಮೆ, ಹಕ್ಕಿಗಳು ಗೂಡುಕಟ್ಟುವ ಮುಂಚೆ ಫೆಬ್ರವರಿಯಲ್ಲಿ ಇನ್ನೊಮ್ಮೆ. ಪ್ರತಿ ಇಳಿಕೊಳವೆಯ ಬಾಯಿಯ ಫೋಟೋ, ತಾರೀಕಿನ ಸಮೇತ. ಜೋರು ಮಳೆಯಲ್ಲಿ ಒಬ್ಬರು ಕೊಡೆ ಹಿಡಿದು ಕಟ್ಟಡದ ಸುತ್ತ ಒಂದು ಸುತ್ತು ಬಂದು, ನೀರು ಕೊಳವೆ ಬಿಟ್ಟು ಗೋಡೆಯ ಮೇಲೆ ಎಲ್ಲಿ ಇಳಿಯುತ್ತಿದೆ ಎಂದು ನಕ್ಷೆಯಲ್ಲಿ ಗುರುತು ಹಾಕಬೇಕು. ಈ ಹಾಳೆಗಳನ್ನು ಒಂದು ಕಡತದಲ್ಲಿ ಜೋಡಿಸಿಡಿ, ಮುಂದಿನ ಅರ್ಜಿಗೆ ಲಗತ್ತಿಸಬೇಕಾದ ಮೊದಲ ಕಾಗದ ಅದೇ.